ಅಪ್‌ಡೇಟ್: ಹಳೇ ರ‍್ಯಾಲಿ ಸೈಕಲ್ಲಿಗೆ ಕೂರದ ಬಾಟಮ್ ಬ್ರಾಕೆಟ್ ಕಪ್

ಸಕಲೇಶಪುರದ ತೋಟದ ಮನೆಯಿಂದ ಬಂದ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ರ‍್ಯಾಲಿ ಸೈಕಲ್ಲಿಗೆ ಹೊಸ ಬಾಟಮ್ ಬ್ರಾಕೆಟ್ ಕಪ್ (ಪೆಡಲ್ ಅಚ್ಚಿನ ಬಾಲ್‌ಗಳು ಕೂರೋ, ಫ್ರೇಮಿಗೆ ತಿರುಗಿಸಿ ಹಾಕೋ ಬಟ್ಟಲು) ಯಾಕೆ ಕೂರ್ತಿಲ್ಲ ಅಂತ ಹೋದ ವಾರ ಕೇಳಿದ್ದೆ. ಥ್ರೆಡ್ ಗೇಜ್ (ಸ್ಕ್ರೂವಿನ ಸುರುಳಿ ಗೆರೆ ಎಷ್ಟು ಒತ್ತಾಗಿವೆ ಅಂತ ಅಳೆಯೋ ಪಟ್ಟಿ) ಇಟ್ಟು ನೋಡಿ ಅಂದವರೇ ಗೆದ್ರು: ಫ್ರೇಮಿಗೆ ಇಂಚಿಗೆ 26 ಥ್ರೆಡ್, ಹಾಸನದಲ್ಲಿ ತಂದ ಕಪ್ಪಿಗೆ 24. ಒಂದೆರಡು ಸುತ್ತು ಸಲೀಸಾಗಿ ಹೋಗಿ ಕಚ್ಚಿಕೊಳ್ಳುತ್ತೆ. ಗ್ರೀಸ್ ಹಚ್ಚಿ ಒತ್ತಿ ತಿರುಗಿಸಿ ಅನ್ನೋ ಸಲಹೆ ಮಾತ್ರ ಬೇಡವೇ ಬೇಡ, ಫ್ರೇಮಿನ ಥ್ರೆಡ್ಡೇ ಹಾಳಾಗುತ್ತೆ.

ಹಳೇ ಕಪ್‌ಗಳನ್ನೇ ಸೀಮೆಎಣ್ಣೆಯಲ್ಲಿ ತೊಳೆದು, ಬಾಲ್ ಓಡೋ ಜಾಗದಲ್ಲಿ ಉಗುರಾಡಿಸಿ ಗುಳಿ ಬಿದ್ದಿಲ್ಲ ಅಂತ ಖಾತ್ರಿ ಮಾಡ್ಕೊಂಡು, ಕಾಲಿಂಚಿನ ಹೊಸ ಬಾಲ್ ಬದಿಗೆ 11ರಂತೆ ಹಾಕಿದ್ದಾಯ್ತು. ಈಗ ಪೆಡಲ್ ಬೆಣ್ಣೆಯ ಹಾಗೆ ತಿರುಗುತ್ತೆ. ಬಲಗಡೆ ಕಪ್ ಎಡಥ್ರೆಡ್, ಅಂದ್ರೆ ಗಡಿಯಾರದ ಮುಳ್ಳಿನ ವಿರುದ್ಧ ದಿಕ್ಕಿಗೆ ತಿರುಗಿಸಿದ್ರೆ ಬಿಗಿಯಾಗುತ್ತೆ, ಮರೀಬೇಡಿ.

ಗೊತ್ತಿರದಿದ್ದ ವಿಷಯ: ರ‍್ಯಾಲಿಯದೇ ವರ್ಕ್‌ಸಾಪ್ ಊರಿನ ಹಳೇ ಕಾರ್ಖಾನೆಯ ರೇಸಿಂಗ್ ಫ್ರೇಮುಗಳು ಸಾಮಾನ್ಯವಾಗಿ 24 ಥ್ರೆಡ್ಡಿನವಂತೆ! ಫ್ರೇಮಿನ ಕೊಳವೆ ತಟ್ಟಿ ಸದ್ದು ಕೇಳಿದ್ರೆ ಅದು ರೆನಾಲ್ಡ್ಸ್ 531 (ಒಳ್ಳೇ ಫ್ರೇಮಿಗೆ ಬಳಸೋ ಹಗುರ ಉಕ್ಕಿನ ಕೊಳವೆ) ಹೌದೋ ಅಲ್ವೋ ತಿಳಿಯುತ್ತೆ ಅಂದಿದ್ರಲ್ಲ, ಅದರಿಂದ ಏನೂ ತಿಳೀಲಿಲ್ಲ.