ಕ್ಲಾರಿನೆಟ್, ವಿಯೋಲಾ, ಪಿಯಾನೋ: ಮೋಜಾರ್ಟ್ ಆದ್ಮೇಲೆ ಏನು?

ವಿಯೋಲಾಪ್ರಿಯ:
ನಾವು ಮೂರು ಜನ ಹವ್ಯಾಸಕ್ಕೆ ನುಡಿಸೋರು, ಕ್ಲಾರಿನೆಟ್ (ಊದೋ ವಾದ್ಯ), ವಿಯೋಲಾ (ಪಿಟೀಲಿಗಿಂತ ಸ್ವಲ್ಪ ದೊಡ್ಡದು), ಪಿಯಾನೋ. ಮೋಜಾರ್ಟ್‌ನ ಕೆ. 498 (ಇದೇ ಮೂರು ವಾದ್ಯಗಳ ಕೃತಿ) ಒಂದು ಮಟ್ಟಕ್ಕೆ ಕೈಗೆ ಕೂತಿದೆ, ಈಗ ರೊಮ್ಯಾಂಟಿಕ್ (19ನೇ ಶತಮಾನದ ಭಾವುಕ ಶೈಲಿ) ಕಡೆ ಹೋಗೋಣ ಅಂತ ಆಸೆ. ತಲೆನೋವು ಏನಂದ್ರೆ ಪಿಯಾನೋ ಸ್ವಲ್ಪ ಜೋರಾದ್ರೂ ಸಾಕು ವಿಯೋಲಾ ನಾಪತ್ತೆ, ಮುಚ್ಚಳ ಪೂರ್ತಿ ಹಾಕಿದ್ರೂ ಅಷ್ಟೇ. ಯಾವ ಕೃತಿ ತಗೊಳ್ಳೋದು, ಬ್ಯಾಲೆನ್ಸ್‌ಗೆ ಏನು ಮಾಡೋದು?

ಎಡಗೈ:
ಪಿಯಾನೋ ನುಡಿಸೋನು ನಾನು, ಬೈಗುಳ ನಮಗೇ ಬರೋದು ಬಿಡಿ 😄 ಮುಚ್ಚಳ ಹಾಕಿದ್ರೆ ಶಬ್ದ ಮಂಕಾಗುತ್ತೆ ಹೊರತು ಜಾಗ ಖಾಲಿ ಆಗಲ್ಲ. ವಿಯೋಲಾ ಹಾಡೋ ಜಾಗದಲ್ಲೇ ಪಿಯಾನೋದ ಎಡಗೈ ದಪ್ಪ (ಹಲವು ಸ್ವರ ಒಟ್ಟಿಗೆ ಒತ್ತೋ) ಕಾರ್ಡ್‌ಗಳನ್ನ ತುಂಬಿರುತ್ತೆ, ಅದರ ಮೇಲೆ ಉದ್ದ ಪೆಡಲ್ (ಸ್ವರ ಮೊಳಗ್ತಾನೇ ಇರೋ ಹಾಗೆ ಕಾಲಲ್ಲಿ ಒತ್ತೋದು) ಬೇರೆ, ಅಲ್ಲೇ ಎಲ್ಲ ಮುಳುಗೋದು. ಮುಚ್ಚಳ ಅರ್ಧ ತೆಗೀರಿ, ಬಾಸ್ ಸ್ವರ ಮಾತ್ರ ಸ್ಪಷ್ಟ ಇಟ್ಕೊಂಡು ಎಡಗೈನ ನಡುವಿನ ಸ್ವರಗಳನ್ನ ಹಗುರ ಮಾಡೋಕೆ ಹೇಳಿ, ಪೆಡಲ್ ಬೇಗ ಬೇಗ ಬದಲಾಯಿಸಲಿ. ಒಂದ್ಸಲ ಪೆಡಲ್ ಇಲ್ಲದೇ ಪೂರ್ತಿ ನುಡಿಸಿ ನೋಡಿ, ಗೊತ್ತಾಗುತ್ತೆ.

ಕೃತಿ ಅಂದ್ರೆ ಸಂಯೋಜಕ ಮ್ಯಾಕ್ಸ್ ಬ್ರೂಕ್ ಅವರ ಓಪಸ್ (ಕೃತಿ ಸಂಖ್ಯೆ) 83, ನಿಮ್ಮ ವಾದ್ಯಗಳಿಗೇ, ಎಂಟು ತುಣುಕು, 1910ರದ್ದು, ಕ್ಲಾರಿನೆಟ್ ನುಡಿಸ್ತಿದ್ದ ಮಗ ಮ್ಯಾಕ್ಸ್ ಫೆಲಿಕ್ಸ್‌ಗೋಸ್ಕರ ಬರೆದಿದ್ದು. ಎಂಟನ್ನೂ ಒಟ್ಟಿಗೆ ನುಡಿಸಬೇಡಿ, ಏಳನೇದು ಬಿಟ್ರೆ ಎಲ್ಲಾ ಮೈನರ್ (ದುಃಖದ ಛಾಯೆಯ ಸ್ವರಶ್ರೇಣಿ), ಕೇಳೋರಿಗೆ ಮಬ್ಬು ಕವಿಯುತ್ತೆ. ಎರಡು, ಆರು, ಏಳು, ಇಷ್ಟು ಸಾಕು.

ಉಸಿರುಗಾರ:
ಬ್ರೂಕ್ ಸರಿ, ಆದ್ರೆ ನನ್ನ ಓಟು ಶೂಮನ್‌ಗೆ. ಓಪಸ್ 132, 1853, ನಾಲ್ಕೇ ಪುಟ್ಟ ತುಣುಕು, ನಿಮ್ಮದೇ ವಾದ್ಯಗಳು. ಮೂರನೇದು ನಿಧಾನದ್ದು, ಪಿಯಾನೋ ಒಂದೇ ಸಮ ಹರೀತಾ ಇರುತ್ತೆ, ಮೇಲೆ ಕ್ಲಾರಿನೆಟ್ಟೂ ವಿಯೋಲಾನೂ ಒಬ್ಬರಿಗೊಬ್ಬರು ಉತ್ತರ ಕೊಡ್ತಾ ಹೋಗ್ತಾರೆ. ಅಲ್ಲಿ ಎಣಿಸ್ತಾ ಕೂತ್ರೆ ಕೆಟ್ಟೋಯ್ತು, ಕ್ಲಾರಿನೆಟ್‌ನವರು ಉಸಿರು ತಗೊಳ್ಳೋದನ್ನ ನೋಡಿ ಅದರ ಜೊತೆಗೇ ಬಿಲ್ಲು ಎತ್ತಿ.

ಇನ್ನೊಂದು, ಕ್ಲಾರಿನೆಟ್ ಬಿಸಿಯಾದಂಗೆ ಶ್ರುತಿ ಏರುತ್ತೆ, ತೀರಾ ಮೆತ್ತಗೆ ಊದಿದ್ರೂ ಏರೋ ಸ್ವಭಾವ, ಪಿಯಾನೋ ಅಂತೂ ಅಲುಗಲ್ಲ. ಹಂಗಾಗಿ ಚೆನ್ನಾಗಿ ಊದಿ ಬಿಸಿ ಮಾಡಿದ ಮೇಲೆ ಶ್ರುತಿ ನೋಡಿ, ಬಂದ ತಕ್ಷಣ ಅಲ್ಲ.

ಬರೀ_ಕೇಳುಗ:
ನುಡಿಸೋಕೆ ಬರಲ್ಲ, ಆದ್ರೂ ಬಾಯಿ ಹಾಕ್ತೀನಿ. ಬ್ರಾಮ್ಸ್‌ ಹಾರ್ನ್ ಟ್ರಿಯೋ (ಹಾರ್ನ್, ಪಿಟೀಲು, ಪಿಯಾನೋ) ಓಪಸ್ 40 ಕೇಳಿ, 1865, ಅದೇ ವರ್ಷ ಅವರಮ್ಮ ತೀರಿಕೊಂಡಿದ್ರು. ಮೂರನೇ ಮೂವ್‌ಮೆಂಟ್‌ನಲ್ಲಿ ಪಿಯಾನೋ ಶಬ್ದ ತಗ್ಗಿಸೋ ಮೆತ್ತನೆ ಪೆಡಲ್ ಒತ್ಕೊಂಡು ಮಂದ್ರದಲ್ಲಿ ಕಾರ್ಡ್‌ಗಳನ್ನ ಬಿಡಿಸಿ ಬಿಡಿಸಿ ಇಡುತ್ತೆ, ಎಡಗೈ ಅವರು ಹೇಳಿದ ಹಗುರ ಏನು ಅಂತ ಅಲ್ಲೇ ಕೇಳಿಸುತ್ತೆ.

ವಿಯೋಲಾಪ್ರಿಯ:
ಥ್ಯಾಂಕ್ಸ್ ಎಲ್ಲರಿಗೂ, ಶೂಮನ್ ಮೂರನೇದ್ರಿಂದಲೇ ಶುರು. ಬ್ರಾಮ್ಸ್‌ ಓಪಸ್ 114ನ ಕ್ಲಾರಿನೆಟ್ ಭಾಗಕ್ಕೆ ವಿಯೋಲಾ ನಡೆಯುತ್ತೆ ಅಂತಾರಲ್ಲ, ಅದು?

ಎಡಗೈ:
ನಡೆಯುತ್ತೆ, ಆದ್ರೆ ಅದು ಕ್ಲಾರಿನೆಟ್, ಚೆಲ್ಲೋ (ದೊಡ್ಡ ಮಂದ್ರ ಪಿಟೀಲು), ಪಿಯಾನೋ ಕೃತಿ, ಆಗ ಚೆಲ್ಲೋ ಬೇಕಲ್ಲ, ನಿಮ್ಮ ಕ್ಲಾರಿನೆಟ್‌ನವರು ಏನ್ ಮಾಡ್ತಾರೆ, ಪುಟ ತಿರುವೋದಾ?