ಮನ್ನಣೆ ಸಿಗದ ರಾಕ್ ತಂಡಗಳು: ಎಲ್ಲಿಂದ ಕೇಳಲು ತೊಡಗಲಿ?

ಪ್ರಶ್ನೆ: ಕಾಲೇಜಿನ ದಿನಗಳಿಂದ ಪಿಂಕ್ ಫ್ಲಾಯ್ಡ್, ಲೆಡ್ ಜೆಪಲಿನ್, ಡೀಪ್ ಪರ್ಪಲ್ ಕೇಳಿಕೊಂಡು ಬಂದಿದ್ದೇನೆ. ಮೊಬೈಲ್ ತೆರೆದರೆ ಈಗಲೂ ಅವೇ ಹಾಡುಗಳು ಎದುರು ಬಂದು ನಿಲ್ಲುತ್ತವೆ. ಒಳ್ಳೆಯ ಸಂಗೀತ ಮಾಡಿಯೂ ತಕ್ಕ ಹೆಸರು ಪಡೆಯದ ತಂಡಗಳು ಯಾವುವು? ಉದ್ದದ ಪಟ್ಟಿ ಬೇಡ. ನೀವು ಬಹುಕಾಲ ಕೇಳಿ ಉಳಿಸಿಕೊಂಡದ್ದನ್ನು ಮಾತ್ರ ಹೇಳಿ.

ಮೈಸೂರಿನ ಕೇಳುಗರು: ಬೇರೆ ಮಾತೇ ಇಲ್ಲ, ಬಿಗ್ ಸ್ಟಾರ್. ಅಮೆರಿಕದ ಮೆಂಫಿಸ್ ನಗರದಲ್ಲಿ 1971ರಲ್ಲಿ ಹುಟ್ಟಿದ ತಂಡ. ಹಾಡು ಕಟ್ಟುತ್ತಿದ್ದವರು ಅಲೆಕ್ಸ್ ಚಿಲ್ಟನ್ ಮತ್ತು ಕ್ರಿಸ್ ಬೆಲ್. ಚಿಲ್ಟನ್ ಆಗಲೇ ಯಶಸ್ಸು ಕಂಡಿದ್ದರು. ಹದಿನಾರರ ಹರೆಯದಲ್ಲಿ ಬಾಕ್ಸ್ ಟಾಪ್ಸ್ ತಂಡಕ್ಕಾಗಿ ಹಾಡಿದ ‘ದ ಲೆಟರ್’ 1967ರಲ್ಲಿ ಅಮೆರಿಕದ ಜನಪ್ರಿಯ ಗೀತೆಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತ್ತು. ಬಿಗ್ ಸ್ಟಾರ್ ತನ್ನ ಮೊದಲ ಆಲ್ಬಮ್‌ಗೆ ‘ನಂಬರ್ ಒನ್ ರೆಕಾರ್ಡ್’ ಎಂದೇ ಹೆಸರಿಟ್ಟಿತು. 1972ರಲ್ಲಿ ಅದು ಬಂದಾಗ ವಿಮರ್ಶಕರು ಮನಸಾರೆ ಹೊಗಳಿದರು. ಆ ಹೊಗಳಿಕೆ ಓದಿ ಅಂಗಡಿಗೆ ಹೋದವರಿಗೆ ಮಾತ್ರ ರೆಕಾರ್ಡ್ ಸಿಗಲಿಲ್ಲ! ಹಂಚಿಕೆಯ ಹೊಣೆ ಹೊತ್ತಿದ್ದ ಸ್ಟ್ಯಾಕ್ಸ್ ಕಂಪನಿಗೆ ಅದನ್ನು ಊರೂರಿಗೆ ತಲುಪಿಸಲು ಆಗಲಿಲ್ಲ. ಮುಂದೆ ಸ್ಟ್ಯಾಕ್ಸ್ ಕೊಲಂಬಿಯಾ ಕಂಪನಿಯೊಡನೆ ಒಪ್ಪಂದ ಮಾಡಿಕೊಂಡ ಮೇಲೂ ಪರಿಸ್ಥಿತಿ ಸುಧಾರಿಸಲಿಲ್ಲ. ಆಗ ಮಾರಾಟವಾದ ಪ್ರತಿಗಳು ಹತ್ತು ಸಾವಿರಕ್ಕೂ ಕಡಿಮೆ ಎಂಬ ಅಂದಾಜಿದೆ. ನೊಂದ ಬೆಲ್ ತಂಡ ಬಿಟ್ಟರು. 1978ರ ಡಿಸೆಂಬರಿನಲ್ಲಿ, 27ನೇ ವಯಸ್ಸಿನಲ್ಲಿ, ಕಾರು ಅಪಘಾತದಲ್ಲಿ ತೀರಿಕೊಂಡರು.

ನನಗೆ ಇದು ಇಂದಿಗೂ ಸಂಕಟದ ವಿಷಯ. ಜನ ಕೇಳಿ ಬೇಡವೆಂದ ಸಂಗೀತ ಬೇರೆ, ಜನರ ಕಿವಿಗೇ ಬೀಳದೆ ಹೋದ ಸಂಗೀತ ಬೇರೆ. ನೀವು ಹುಡುಕಬೇಕಾದದ್ದು ಎರಡನೆಯದನ್ನು.

ಕೇಳುವ ಕ್ರಮ ಹೀಗಿರಲಿ. ಮೊದಲು 1974ರ ‘ರೇಡಿಯೋ ಸಿಟಿ’. ಅದರಲ್ಲಿನ ‘ಸೆಪ್ಟೆಂಬರ್ ಗರ್ಲ್ಸ್’ ಮೂರು ನಿಮಿಷವೂ ಇಲ್ಲ. ಗಿಟಾರ್ ಲಕಲಕನೆ ಹೊಳೆಯುತ್ತಿರುತ್ತದೆ, ದನಿಯಲ್ಲಿ ಮಾತ್ರ ತೀರದ ವ್ಯಥೆ. ಆಮೇಲೆ ಮೊದಲ ಆಲ್ಬಮ್. ಅಲ್ಲಿ ‘ಥರ್ಟೀನ್’ ಬಂದಾಗ ಬೇರೆ ಕೆಲಸ ಬದಿಗಿಡಿ. ಮೂರನೆಯ ಆಲ್ಬಮ್ ಕೊನೆಗಿರಲಿ. 1974ರಲ್ಲಿ ಧ್ವನಿಮುದ್ರಣವಾದರೂ ಹೊರಬಂದದ್ದು 1978ರಲ್ಲಿ. ನಿಧಾನಗತಿಯ, ಒಡೆದುಹೋದ ಮನಸ್ಸಿನ ಹಾಡುಗಳು. ಅಲ್ಲಿಂದಲೇ ಆರಂಭಿಸಿದ ನನ್ನ ಗೆಳೆಯರೊಬ್ಬರು ಈ ತಂಡದ ಕಡೆ ಮತ್ತೆ ತಿರುಗಿ ನೋಡಲಿಲ್ಲ.

ಧಾರವಾಡದಿಂದ: ಹಂಚಿಕೆಯ ಮಾತು ಬಂತಲ್ಲ, ಹಂಚಿಕೆಯ ಹಂತಕ್ಕೂ ಹೋಗದ ತಂಡವೊಂದಿದೆ. ಅಮೆರಿಕದ ಡೆಟ್ರಾಯಿಟ್ ನಗರದ ಡೆತ್, ಅಂದರೆ ‘ಸಾವು’. ಡೇವಿಡ್, ಬಾಬಿ, ಡ್ಯಾನಿಸ್ ಹ್ಯಾಕ್ನಿ ಎಂಬ ಮೂವರು ಕಪ್ಪು ಸೋದರರು 1975ರಲ್ಲಿ ಏಳು ಹಾಡುಗಳನ್ನು ಮುದ್ರಿಸಿಕೊಂಡರು. ಪಂಕ್ ಎಂದು ಮುಂದೆ ಜಗತ್ತು ಕರೆದ ಆ ವೇಗ, ಆ ಸಿಟ್ಟು ಎಲ್ಲವೂ ಅದರಲ್ಲಿದೆ. ಪಂಕ್‌ನ ಮೊದಲಿಗರೆಂದು ಹೆಸರಾದ ರಮೋನ್ಸ್ ತಂಡದ ಮೊದಲ ಆಲ್ಬಮ್ ಬಂದದ್ದು ಮರುವರ್ಷ. ರೆಕಾರ್ಡ್ ಕಂಪನಿಯ ಮುಖ್ಯಸ್ಥ ಕ್ಲೈವ್ ಡೇವಿಸ್ ತಂಡದ ಹೆಸರು ಬದಲಿಸಲು ಹೇಳಿದರು. ಡೇವಿಡ್ ಸುತರಾಂ ಒಪ್ಪಲಿಲ್ಲ. ಸೋದರರು ತಾವೇ 1976ರಲ್ಲಿ ಒಂದು ಸಿಂಗಲ್‌ನ 500 ಪ್ರತಿ ಒತ್ತಿಸಿದರು, ಅಲ್ಲಿಗೆ ಮುಗಿಯಿತು. ಏಳೂ ಹಾಡುಗಳು ಆಲ್ಬಮ್ ಆಗಿ ಬಂದದ್ದು 2009ರಲ್ಲಿ. ಅದನ್ನು ನೋಡಲು ಡೇವಿಡ್ ಇರಲಿಲ್ಲ, 2000ದಲ್ಲೇ ಕ್ಯಾನ್ಸರ್‌ನಿಂದ ಹೋಗಿದ್ದರು. ‘ಫಾರ್ ದ ಹೋಲ್ ವರ್ಲ್ಡ್ ಟು ಸೀ’ ಎಂದು ಹುಡುಕಿ. ಅರ್ಧ ಗಂಟೆಯೊಳಗೆ ಮುಗಿಯುತ್ತದೆ, ಹೆಡ್‌ಫೋನಿಗಿಂತ ದೊಡ್ಡ ಸ್ಪೀಕರ್‌ನಲ್ಲಿ ಚೆನ್ನ.

ಕೋಲ್ಕತ್ತದಲ್ಲಿರುವ ಕನ್ನಡಿಗರು: ಮೊದಲ ಉತ್ತರಕ್ಕೆ ನನ್ನದೊಂದು ತಕರಾರು. ಬಿಗ್ ಸ್ಟಾರ್ ಬಗ್ಗೆ ಈಗ ಪಶ್ಚಿಮದಲ್ಲಿ ಸಾಕಷ್ಟು ಬರೆದಿದ್ದಾರೆ. ನಮ್ಮ ದೇಶದ್ದೇ ಆದ ಮಹೀನೇರ್ ಘೋಡಾಗುಲಿ ತಂಡವನ್ನು ಬಂಗಾಳದ ಆಚೆ ಎಷ್ಟು ಜನ ಕೇಳಿದ್ದಾರೆ? ಗೌತಮ್ ಚಟ್ಟೋಪಾಧ್ಯಾಯ ಮತ್ತು ಸಂಗಡಿಗರು 1975ರಲ್ಲಿ ಕಟ್ಟಿದ್ದು. ಹೆಸರು ಬಂಗಾಳಿ ಕವಿ ಜೀವನಾನಂದ ದಾಸರ ಕವಿತೆಯಿಂದ ಬಂದದ್ದು. ಬಂಗಾಳದ ಅಲೆಮಾರಿ ಗಾಯಕರಾದ ಬಾವುಲರ ಹಾಡಿನ ಧಾಟಿ, ಗಿಟಾರ್, ನಗರದ ಬೇಸರ ಎಲ್ಲ ಒಂದರಲ್ಲೊಂದು ಬೆರೆತಿವೆ. 1977ರಿಂದ 1979ರ ನಡುವೆ ಮೂರು ರೆಕಾರ್ಡ್ ತಂದರು, ಆಗ ಕೇಳಿದವರು ಕಡಿಮೆ. 1981ರ ಹೊತ್ತಿಗೆ ತಂಡ ಚದುರಿತು. 1995ರಲ್ಲಿ ಗೌತಮ್ ಹೊಸ ಗಾಯಕರೊಡನೆ ಒಂದು ಸಂಕಲನ ತಂದ ಮೇಲೆಯೇ ಬಂಗಾಳದ ಯುವಕರು ಹಚ್ಚಿಕೊಂಡದ್ದು. ನೀವೂ ಆ ಸಂಕಲನದಿಂದಲೇ ಆರಂಭಿಸಿ. ‘ಪೃಥಿಬಿಟಾ ನಾಕಿ’ ಕೇಳಿದೊಡನೆ ಗುರುತು ಹತ್ತುತ್ತದೆ, ಅದರ ರಾಗವೇ 2006ರ ‘ಗ್ಯಾಂಗ್‌ಸ್ಟರ್’ ಹಿಂದಿ ಚಿತ್ರದ ‘ಭೀಗಿ ಭೀಗಿ’.

ಪ್ರಶ್ನೆ ಕೇಳಿದವರು: ಬಂಗಾಳಿ ಬಾರದವರಿಗೆ ಹಿಡಿಸೀತೇ?

ಕೋಲ್ಕತ್ತದಲ್ಲಿರುವ ಕನ್ನಡಿಗರು: ಖಂಡಿತ. ನಾನು ಕೇಳಲು ತೊಡಗಿದಾಗ ನನಗೂ ಬರುತ್ತಿರಲಿಲ್ಲ. ಎರಡನೆಯ ಸಲ ಕೇಳುವಾಗ ಸಹೋದ್ಯೋಗಿಯನ್ನೋ ನೆರೆಯವರನ್ನೋ ಕರೆದು ಸಾಲುಸಾಲಿಗೆ ಅರ್ಥ ಕೇಳಿಕೊಳ್ಳಿ. ಬಂಗಾಳಿಗಳು ಈ ಹಾಡುಗಳ ಬಗ್ಗೆ ಮಾತಾಡಲು ಎಂದೂ ಬೇಸರಿಸುವುದಿಲ್ಲ.

ಬೆಂಗಳೂರಿನಿಂದ: ಮನೆಯ ಹತ್ತಿರದವರನ್ನೂ ಬಿಡಬೇಡಿ. ಥರ್ಮಲ್ ಅಂಡ್ ಎ ಕ್ವಾರ್ಟರ್ 1996ರಿಂದ ಇಲ್ಲಿ ನುಡಿಸುತ್ತಿರುವ ತಂಡ. 2012ರ ‘ತ್ರೀ ವೀಲ್ಸ್ ನೈನ್ ಲೈವ್ಸ್’ ಮೂರು ಡಿಸ್ಕ್‌ಗಳ ದೊಡ್ಡ ಕೆಲಸ, ಆಟೋರಿಕ್ಷಾ ಓಡಾಡುವ ಬೆಂಗಳೂರೇ ಅದರ ವಸ್ತು. ತಂಡದ ಬ್ರೂಸ್ ಲೀ ಮಣಿ ಅವರ ಗಿಟಾರ್ ಕೇಳಲು ಅದೊಂದೇ ಸಾಕು. ಗಡಸು ಸಂಗೀತ ಬೇಕೆಂದರೆ ಕ್ರಿಪ್ಟೋಸ್ ಇದೆ, 1998ರಲ್ಲಿ ಇಲ್ಲೇ ಹುಟ್ಟಿ 2013ರಲ್ಲಿ ಜರ್ಮನಿಯ ವಾಕನ್ ಉತ್ಸವದ ವೇದಿಕೆ ಏರಿದ ಮೆಟಲ್ ತಂಡ. ಊರಿನಲ್ಲಿ ಕಾರ್ಯಕ್ರಮವಿದ್ದರೆ ಟಿಕೆಟ್ ಕೊಂಡು ಹೋಗಿ, ಅಲ್ಲೇ ಮಾರುವ ಸಿಡಿಯನ್ನೂ ಕೊಳ್ಳಿ. ಆ ಹಣ ನೇರವಾಗಿ ನುಡಿಸುವವರ ಕೈಗೆ ಹೋಗುತ್ತದೆ.