ರೈಲು ಹುಚ್ಚಿನ ಮಗನ ಹುಟ್ಟುಹಬ್ಬಕ್ಕೆ ಪ್ಲಾನ್ ಬೇಕು

ಎಲ್ಲರಿಗೂ ನಮಸ್ಕಾರ. ನಾವು ಸೋಮವಾರಪೇಟೆಯವರು. ಮಗನಿಗೆ ಮುಂದಿನ ತಿಂಗಳು ಆರು ವರ್ಷ ತುಂಬುತ್ತದೆ. ಅವನಿಗೆ ಕೇಕ್ ಬೇಡ, ಬಲೂನ್ ಬೇಡ, ರೈಲೇ ಬೇಕು! ನಮ್ಮ ಕೊಡಗಿನಲ್ಲಿ ರೈಲು ಹಳಿಯೇ ಇಲ್ಲ, ಏನು ಮಾಡೋದು ಹೇಳಿ.

ನನ್ನ ಮನಸ್ಸಿನಲ್ಲಿರುವುದು ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಘಾಟ್ ದಾರಿ. ಸುಮಾರು 55 ಕಿ.ಮೀ., 57 ಸುರಂಗ. ಅವನು ಒಂದೊಂದನ್ನೂ ಬೆರಳು ಮಡಚಿ ಎಣಿಸುತ್ತಾನೆ, ನಡುವೆ ಮಾತಾಡಿಸಿದರೆ ಸಿಟ್ಟು ಬೇರೆ. ಹಗಲು ರೈಲಿನ ವಿಸ್ಟಾಡೋಮ್ ಬೋಗಿಯಲ್ಲಿ ಗಾಜಿನ ಚಾವಣಿ ಇರುತ್ತದೆ, ಆದರೆ ದರ ಜಾಸ್ತಿ ಅಲ್ವಾ? ಹೋದವರು ಹೇಳಿ, ಮಾಮೂಲಿ ಬೋಗಿಯ ಕಿಟಕಿಯೇ ಸಾಕಾ? ಕಣಿವೆ ಯಾವ ಬದಿಗೆ ಚೆನ್ನಾಗಿ ಕಾಣುತ್ತದೆ?

ಮಾರನೇ ದಿನ ಮೈಸೂರಿನ ರೈಲ್ವೆ ಮ್ಯೂಸಿಯಂ. 1979ರಲ್ಲಿ ಶುರುವಾದದ್ದು, ಹಳೆಯ ಉಗಿ ಇಂಜಿನ್‌ಗಳಿವೆ, ಮಹಾರಾಣಿಯವರ ಸಲೂನ್ ಬೋಗಿಯೂ ಇದೆ. ಊಟಿ ರೈಲು ಸದ್ಯಕ್ಕೆ ಬೇಡ, ದೂರ.

ಅಜ್ಜಿಯೂ ಬರುತ್ತಾರೆ, ಮಂಡಿ ನೋವಿದೆ. ಸುಬ್ರಹ್ಮಣ್ಯ ರೋಡ್‌ನಲ್ಲಿ ಇಳಿದ ಮೇಲೆ ಸೋಮವಾರಪೇಟೆ ಕಡೆಗೆ ವಾಪಸ್ ಬರಲು ಸುಲಭದ ದಾರಿ ಯಾವುದು? ಟ್ಯಾಕ್ಸಿಗೆ ಎಷ್ಟು ಕೇಳುತ್ತಾರೆ?